ಎಡಗೈ ಗಂಟು

ಝಿಣ್ ಎಂದು ಒಂದು ಸದ್ದಾಯಿತು. ಬಲು ಚಿಕ್ಕ ಸದ್ದು. ಗೆಜ್ಜೆ ಹಾಕಿದ ಎಳೆಮಗು ನಿದ್ದೆಯಲ್ಲಿ ಕಾಲು ಒದೆದರೆ ಆಗುವಂಥದ್ದು. ಸುನಿತಾ ಕತ್ತಲಲ್ಲಿ ಕಣ್ಣು ಬಿಟ್ಟಳು.

ಪಾಂಡವಪುರದ ಆ ಮನೆಯಲ್ಲಿ ಎಳೆಮಗು ಯಾವುದೂ ಇರಲಿಲ್ಲ. ಮಗಳು ರಮ್ಯ ಮೈಸೂರಿನ ಹಾಸ್ಟೆಲಿನಲ್ಲಿದ್ದಳು. ಪಕ್ಕದಲ್ಲಿ ಗಂಡ ತಿಮ್ಮರಾಜು, ಹಾಲಿನ ಡೇರಿಗೆ ಕೋಳಿ ಕೂಗುವ ಮುಂಚೆ ಹೊರಡಬೇಕಾದವನು, ಗೊರಕೆ ಹೊಡೆಯುತ್ತಿದ್ದ. ಮಲಗುವ ಮುಂಚೆ ಗ್ಯಾಸಿನ ತಿರುಪನ್ನು ಒಮ್ಮೆ ನೋಡಿ, ಹಾಸಿಗೆಗೆ ಬಂದವಳು ಎದ್ದು ಹೋಗಿ ಇನ್ನೊಮ್ಮೆ ನೋಡುವ ಜಾತಿ ಸುನಿತಾಳದು. ಅಂಥವಳಿಗೆ ಇಂಥ ಸದ್ದು ಕೇಳಿಸಿದ ಮೇಲೆ ನಿದ್ದೆ ಎಲ್ಲಿಯದು? ಎದ್ದು ನಡುಮನೆಗೆ ಬಂದಳು. ತಾಯಿ ದೊಡ್ಡತಾಯಮ್ಮನ ಕೋಣೆಯ ಬಾಗಿಲ ಕೆಳಗೆ ಬೆಳಕಿನ ಗೆರೆ ಕಂಡಿತು.

"ಅವ್ವಾ, ಏನದು ಸದ್ದು?"

ಗೆರೆ ಅಳಿಸಿಹೋಯಿತು. "ಇಲಿ ಇರ್ಬೇಕು. ಓಗಿ ಮನಿಕ್ಕೊ."

ಇಲಿಯ ಕಾಲಿಗೆ ಗೆಜ್ಜೆ ಕಟ್ಟಿದವರು ಯಾರು ಎಂದು ಕೇಳಬೇಕೆನಿಸಿತು. ಕೇಳದೆ ಹೋಗಿ ಮಲಗಿದಳು.

ಬೆಳಿಗ್ಗೆ ಬಚ್ಚಲಿನ ಕಲ್ಲಿನ ಮೇಲೆ ಹುಣಸೆಹಣ್ಣಿನ ನಾರು ಅಂಟಿಕೊಂಡಿತ್ತು. "ರಾತ್ರಿ ಏನು ಬೆಳಗಿದೆ ಅವ್ವ?" ಎಂದಳು.

"ದೇವ್ರ ದೀಪ ಕಣೆ," ಎಂದಳು ಮುದುಕಿ, ಮುಖ ಎತ್ತದೆ.

ದೇವರ ಗೂಡಿನಲ್ಲಿ ದೀಪಗಳು ಹೋದ ಶುಕ್ರವಾರದ ಮಸಿಯನ್ನೇ ಹೊತ್ತುಕೊಂಡು ಕೂತಿದ್ದವು. ಸುನಿತಾ ಅದನ್ನು ನೋಡಿದಳು, ನೋಡಿದ್ದನ್ನು ಬಾಯಿಬಿಟ್ಟು ಹೇಳದೆ ಚೀಲ ಹೆಗಲಿಗೇರಿಸಿ ಶಾಲೆಗೆ ನಡೆದಳು.

ಆಕೆ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮೇಡಂ. ಆ ತಿಂಗಳು ಒಂದು ಕೆಲಸ ಅವಳ ಕೊರಳಿಗೆ ಬಿದ್ದಿತ್ತು. ಶಾಲೆಯ ಪಡಸಾಲೆ ಗೋಡೆಗೆ ಒಂದು ಫಲಕ ಬರೆಯಬೇಕು: ಜಗತ್ತಿನ ಮುಖ್ಯ ಧರ್ಮಗಳ ಮುಖ್ಯ ಪದಗಳು, ಒಂದೊಂದಕ್ಕೆ ಒಂದೇ ಸಾಲು ಅರ್ಥ, ಎಂಟನೇ ತರಗತಿಯ ಮಕ್ಕಳಿಗೆ ತಿಳಿಯುವಂತೆ. ಹೆಡ್‌ಮೇಷ್ಟ್ರಿಗೆ ಇದು ಅರ್ಧ ದಿನದ ಕೆಲಸ. ಸುನಿತಾಳಿಗೆ ಒಂದೊಂದು ಪದವೂ ಒಂದೊಂದು ಹಲ್ಲುನೋವು. ಕರ್ಮ ಎಂದು ಬರೆದು 'ಮಾಡಿದ್ದು ಮರಳಿ ಬರುವುದು' ಎಂದಳು. ಯಾವ ಮಗುವಿನ ಮನೆಯಲ್ಲಿ ಯಾರು ಕಾಯಿಲೆ ಬಿದ್ದಿದ್ದಾರೋ, ಏನು ಅಂದುಕೊಂಡೀತೋ ಎಂದು ಅಳಿಸಿದಳು. ನಿರ್ವಾಣಕ್ಕೆ 'ಆರುವುದು' ಎಂದು ಬರೆದು, ದೀಪ ಆರುವುದು ಅಪಶಕುನವಲ್ಲವೆ ಎಂದು ಅದನ್ನೂ ಅಳಿಸಿದಳು. ಕ್ರೈಸ್ತರ ಕೃಪೆಗೆ 'ಕೇಳದೆ ಸಿಗುವುದು' ಎಂಬ ಎರಡೇ ಪದ ಹೊಳೆದು ಬಹಳ ಹೊತ್ತು ಸಂತೋಷಪಟ್ಟಳು. ಜೈನರ ಕ್ಷಮೆಯ ಹತ್ತಿರ ಬಂದಾಗ ಕಂಬದಹಳ್ಳಿಯ ಬಸದಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದು ನೆನಪಾಯಿತು. ಅಲ್ಲಿನ ಹಿರಿಯರೊಬ್ಬರು ವರ್ಷಕ್ಕೊಮ್ಮೆ ತಾವು ಎಲ್ಲರಲ್ಲೂ ಕ್ಷಮೆ ಕೇಳುತ್ತೇವೆ, ತಪ್ಪು ಮಾಡಿದ್ದು ಗೊತ್ತಿಲ್ಲದಿದ್ದರೂ ಕೇಳುತ್ತೇವೆ ಎಂದಿದ್ದರು. ಗೊತ್ತಿಲ್ಲದ ತಪ್ಪಿಗೂ ಕ್ಷಮೆ ಎಂಬುದು ಅವಳ ಮನಸ್ಸಿನಲ್ಲಿ ಎಲ್ಲೋ ಸಿಕ್ಕಿಕೊಂಡು ಕೂತಿತ್ತು.

ಇಸ್ಲಾಮಿನ ಪದಗಳನ್ನು ತಿದ್ದಿಕೊಡಲು ಗಣಿತದ ಅಫ್ರೋಜ್ ಮೇಷ್ಟ್ರಿಗೆ ಕೊಟ್ಟಿದ್ದಳು. ಅವರು ಶ್ರೀರಂಗಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುವವರು. ಬಿಡುವಿನ ಹೊತ್ತಿನಲ್ಲಿ ಹಾಳೆಯನ್ನು ಮೇಜಿನ ಮೇಲಿಟ್ಟು ಚಹಾ ಹೀರಿದರು.

"ರೋಜಾ, ಉಪವಾಸದ್ದು, ಸರೀಗದೆ, ಜಕಾತ್, ದಾನದ್ದು, ಸರೀಗದೆ, ಸಬರ್‌ಗೆ 'ನೋವಿನಲ್ಲೂ ಕೆಡದ ತಾಳ್ಮೆ' ಅಂತ ಬರ್ದಿದೀರಲ್ಲ, ನಮ್ ಮನೇವ್ರಿಗೆ ತೋರಿಸ್ಬೇಕು. ಆದ್ರೆ ಒಂದು ಬುಟ್ಬುಟ್ಟಿದೀರ ಮೇಡಂ."

"ಯಾವುದು?"

"ಅಮಾನತ್."

ಸುನಿತಾ ನಕ್ಕಳು. "ಅದು ಇಲಾಖೆ ಪದ ಮೇಷ್ಟ್ರೆ. ಸಸ್ಪೆಂಡ್ ಮಾಡೋದು. ಧರ್ಮಕ್ಕೂ ಅದಕ್ಕೂ ಏನು?"

"ಅಲ್ಲೇ ಇರೋದು ತಮಾಷೆ. ಇಲಾಖೇಲಿ ಅಮಾನತು ಅಂದ್ರೆ ಎದ್ದು ಓಗು ಅಂತ. ನಮ್ಮಲ್ಲಿ ಅಮಾನತ್ ಅಂದ್ರೆ ಇಟ್ಕಂಡು ಕಾಯಿ ಅಂತ." ಅಫ್ರೋಜ್ ಲೋಟ ಕೆಳಗಿಟ್ಟರು. "ಒಬ್ರು ನಂಬಿ ಕೈಗಿಟ್ಟಿದ್ದು. ದುಡ್ಡೋ, ಒಡವೆಯೋ, ಒಂದು ಮಾತೋ, ಏನಾರ ಆಗ್ಲಿ. ಅವ್ರು ಕೇಳಿದ್ದಿನ ಎಂಗಿತ್ತೋ ಅಂಗೇ ವಾಪಸ್ ಕೊಡ್ಬೇಕು. ಬಿಚ್ಚಂಗಿಲ್ಲ, ಬಳಸಂಗಿಲ್ಲ. ಗಂಟು ಮುಟ್ಟಿದ್ರೂ ನಂಬಿಕೆ ಮುರಿದಂಗೇನೆ. ಮನೇಲಿ ಅಮಾನತ್ ಇದ್ರೆ ಬಾಗ್ಲಲ್ಲಿ ಫರಿಶ್ತೆ, ಅಂದ್ರೆ ದೇವದೂತ, ಕೂತಿರ್ತಾನೆ ಅಂತ ನಮ್ಮಜ್ಜಿ ಎದರ್ಸೋರು. ಯಾಕ್ ಮೇಡಂ, ಚಹಾ ಆರೋಯ್ತು?"

ಸುನಿತಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತ್ತು. ಒಂದು ಬಸ್ಸಿನ ಕಿಟಕಿ, ಅದರ ಹೊರಗೆ ಒಂದು ಕೈ, ಕೈಯಲ್ಲೊಂದು ಗಂಟು, ಮತ್ತು ಎರಡೇ ಮಾತು. ಮೂವತ್ತು ವರ್ಷದ ಹಿಂದಿನವು, ಈಗ ತಾನೇ ಕಿವಿಯ ಪಕ್ಕದಲ್ಲಿ ಯಾರೋ ಅಂದ ಹಾಗೆ ಕೇಳಿಸಿದವು.

ಆಗ ಅವರು ಕೆ.ಆರ್.ಎಸ್.ನಲ್ಲಿದ್ದರು. ಅಪ್ಪ ಚಿಕ್ಕಸ್ವಾಮಿ ಸರ್ಕಾರಿ ಜೀಪಿನ ಡ್ರೈವರ್. ಸಾಲುಮನೆಗಳಲ್ಲಿ ಒಂದು ಅವರದು. ಅದಕ್ಕೆ ಅಂಟಿಕೊಂಡ ಗೋಡೆಯಾಚೆಯ ಖಾಸಗಿ ಮನೆಯಲ್ಲಿ ಪೀರ್ ಅಹಮದ್ ಬಾಡಿಗೆಗಿದ್ದರು. ಅವರಿಗೆ ಬಸ್‌ಸ್ಟ್ಯಾಂಡಿನಲ್ಲಿ ಸಣ್ಣ ಹೋಟೆಲು. ಹೆಂಡತಿ ಬಷೀರುನ್ನೀಸಾ, ಎಲ್ಲರ ಬಾಯಲ್ಲಿ ಬಷೀರಮ್ಮ. ಅಣೆಕಟ್ಟಿನಲ್ಲಿ ನೀರು ಬಿಟ್ಟ ದಿನ ಎರಡು ಮನೆಗೂ ಒಂದೇ ಮೊರೆತ ಕೇಳಿಸುತ್ತಿತ್ತು, ಒಬ್ಬರ ಒಗ್ಗರಣೆ ಇನ್ನೊಬ್ಬರಿಗೆ ಸೀನು ಬರಿಸುತ್ತಿತ್ತು.

ಬಷೀರಮ್ಮ ಎಡಚಿ. ಅನ್ನವೊಂದನ್ನು ಬಿಟ್ಟು ಮಿಕ್ಕೆಲ್ಲ ಎಡಗೈಯದೇ. "ಶೈತಾನನ ಕೈ" ಎಂದು ಅವಳ ಅತ್ತೆ ಬೈಯುತ್ತಿದ್ದರು. "ಎಡಗೈಲಿ ಏನೂ ಕೊಡ್ಬೇಡ ಕಣಮ್ಮಿ, ದರಿದ್ರ" ಎಂದು ಇತ್ತ ದೊಡ್ಡತಾಯಮ್ಮನೂ ಬೈಯುತ್ತಿದ್ದಳು. ದೇವರು ಬೇರೆಯಾದರೂ ಎಡಗೈಯ ವಿಷಯದಲ್ಲಿ ಇಬ್ಬರದೂ ಒಂದೇ ಶಾಸ್ತ್ರ. ಬಷೀರಮ್ಮ ಇಬ್ಬರಿಗೂ ನಕ್ಕು ಎಡಗೈಯಲ್ಲೇ ಸುನಿತಾಳ ಜಡೆಗೆ ಟೇಪು ಕಟ್ಟುತ್ತಿದ್ದಳು. ಎಲ್ಲರ ಗಂಟು ಒಂದು ಕಡೆಗೆ ತಿರುಗಿದರೆ ಅವಳದು ಇನ್ನೊಂದು ಕಡೆಗೆ. ಶಾಲೆಯಲ್ಲಿ ಎಷ್ಟು ಕುಣಿದರೂ ಬಿಚ್ಚುತ್ತಿರಲಿಲ್ಲ. ಸಂಜೆ ಅವ್ವ ಉಗುರು ಹಾಕಿ ಎಳೆದು ಸೋತು, "ಈ ಎಡಚಿ ಗಂಟು ಬಿಚ್ಚಕ್ಕೆ ಎಡಚೀನೇ ಬರ್ಬೇಕು, ಓಗು ಗೋಡೆಯಾಚೆಗೆ" ಎಂದು ಅಟ್ಟುತ್ತಿದ್ದಳು.

ಹಜ್‌ನಿಂದ ಬಂದ ನೆಂಟರು ತಂದ ಜಮ್‌ಜಮ್ ನೀರನ್ನು ಬಷೀರಮ್ಮ ಸಣ್ಣ ಬಟ್ಟಲಲ್ಲಿ ತಂದುಕೊಟ್ಟಾಗ ಅವ್ವ ಅದನ್ನು ಮೂರು ಸಲ ಗುಟುಕರಿಸಿ ಒದ್ದೆ ಕೈಯನ್ನು ತಲೆಗೆ ಸವರಿಕೊಂಡಿದ್ದಳು. "ತೀರ್ಥ ಯಾವೂರ್ದಾದ್ರೇನು" ಎಂದಿದ್ದಳು. ರಂಜಾನಿನಲ್ಲಿ ಸುನಿತಾಳೂ ಉಪವಾಸ ಮಾಡುತ್ತೇನೆಂದು ಹಟ ಹಿಡಿದರೆ ಬಷೀರಮ್ಮ ಮಧ್ಯಾಹ್ನಕ್ಕೆ ಕರೆದು ಬಾಳೆಹಣ್ಣು ತಿನ್ನಿಸಿ, ಮಕ್ಕಳದು ಗುಬ್ಬಚ್ಚಿ ರೋಜಾ, ಅರ್ಧ ದಿನಕ್ಕೇ ದೇವರು ಒಪ್ಪುತ್ತಾನೆ ಎನ್ನುತ್ತಿದ್ದಳು. ಈಗ ಫಲಕಕ್ಕೆ ಉಪವಾಸದ ಅರ್ಥ ಬರೆಯುವಾಗ ಸುನಿತಾಳ ನಾಲಿಗೆಗೆ ಮೊದಲು ಬಂದದ್ದು ಆ ಬಾಳೆಹಣ್ಣಿನ ರುಚಿಯೇ.

ಬಷೀರಮ್ಮನಿಗೆ ಜಫರ್ ಎಂಬ ಮಗನಾದ ಮೇಲೆ ಒಂದು ಹೆಣ್ಣುಮಗು ಹುಟ್ಟಿತು, ಮುಬೀನಾ. ಗೋಡೆಗೆ ಈಚೆ ಅವ್ವನ ಮಡಿಲಲ್ಲೇ ಹೆಚ್ಚು ಬೆಳೆಯಿತು. ಅಂಬೆಗಾಲಿಡುವಾಗ ಬೆಳ್ಳಿಗೆಜ್ಜೆ ಹಾಕಿದರು. ಅದು ಅಡಿಗೆಮನೆಗೆ ಬಂದರೆ ಝಿಣ್ ಎನ್ನುತ್ತಿತ್ತು, ಅವ್ವ ಒಲೆಗೆ ಅಡ್ಡ ಕಾಲು ಚಾಚುತ್ತಿದ್ದಳು.

ಒಂದು ರಾತ್ರಿ ಮಗುವಿಗೆ ಜ್ವರ ನೆತ್ತಿಗೇರಿ ಕಣ್ಣು ಮೇಲೆ ಸಿಕ್ಕಿಕೊಂಡಿತು. ಬಸ್ಸಿಲ್ಲ, ಕಾರಿಲ್ಲ. ಚಿಕ್ಕಸ್ವಾಮಿ ಯಾರನ್ನೂ ಕೇಳದೆ ಸರ್ಕಾರಿ ಜೀಪು ತೆಗೆದು ಮೈಸೂರಿಗೆ ಓಡಿಸಿದ. ಅದೇ ರಾತ್ರಿ ಯಾವುದೋ ತುರ್ತಿಗೆ ಜೀಪು ಬೇಕಾಗಿ ಇಡೀ ಕಾಲೋನಿ ಹುಡುಕಿದರು. ಬೆಳಿಗ್ಗೆ ಜೀಪು ವಾಪಸು ಬಂತು, ಮಗು ಉಳಿದಿರಲಿಲ್ಲ. ಚಿಕ್ಕಸ್ವಾಮಿ ಅಮಾನತಾದ.

ಆ ಪದ ಸುನಿತಾಳ ಮನೆಗೆ ಬಂದದ್ದು ಹಾಗೆ. ವಾರವಿಡೀ ಅದೇ ಮಾತು. ನೀರಿಗೆ ಬಂದವರು, ಹಾಲು ಹಾಕುವವರು, ಎಲ್ಲರೂ ದನಿ ತಗ್ಗಿಸಿ 'ಅಮಾನತು' ಎನ್ನುವರು. ಅಪ್ಪ ಒಬ್ಬನೇ ಹಿತ್ತಲಿನಲ್ಲಿ ಕೂತಿರುತ್ತಿದ್ದ. ಕೊನೆಗೆ ಮನೆ ಖಾಲಿ ಮಾಡಿ ನಾಗಮಂಗಲ ತಾಲ್ಲೂಕಿನ ದೇವಲಾಪುರಕ್ಕೆ, ಅವ್ವನ ತೌರಿಗೆ ಹೊರಟರು. ಬಸ್ಸು ಇನ್ನೇನು ಹೊರಡಬೇಕು, ಬಷೀರಮ್ಮ ಸೆರಗು ಜಾರಿದ್ದೂ ತಿಳಿಯದೆ ಓಡಿಬಂದಳು. ಕಿಟಕಿಯೊಳಗೆ ಕೈ ತೂರಿಸಿ ಅವ್ವನ ಅಂಗೈಯಲ್ಲಿ ಹಸಿರು ಬಟ್ಟೆಯ ಪುಟ್ಟ ಗಂಟೊಂದನ್ನು ಇಟ್ಟು ಬೆರಳು ಮಡಿಸಿದಳು.

"ಅಮಾನತ್ ತಾಯಕ್ಕಾ. ಇಟ್ಕೊಳ್ಳಿ."

ಬಸ್ಸು ಹೊರಟಿತು. ಅವ್ವ ದಾರಿಯುದ್ದಕ್ಕೂ ಮುಷ್ಟಿ ಬಿಚ್ಚಲಿಲ್ಲ. ನಾಗಮಂಗಲದ ಕೆರೆ ಏರಿ ಕಂಡಾಗ ಒಮ್ಮೆಗೇ ಅಂದಳು: "ಕೇಳಿಸ್ತೇನೆ? ಸಸ್ಪೆಂಡ್ ಆಗಿದ್ದಕ್ಕೆ ಇದು ಇಟ್ಕೋ ಅಂದ್ಳು. ನಿಮ್ಮಪ್ಪ ಮಾಡಿದ್ ಉಪ್ಕಾರಕ್ಕೆ ಬೆಲೆ ಕಟ್ಟಿ ಕೊಟ್ಳು. ಒಂದ್ ಗಂಟು ಬಿಸಾಕಿ ಋಣ ತೀರಿಸ್ಕಂಡ್ಳು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡಿದ ಮಾತೂ ಮುತ್ತೇ, ಕೇಳಿಸಿಕೊಂಡ ಕಿವಿಯಲ್ಲಿ ಒಡೆದಿತ್ತು. ಅಪ್ಪನಿಗೆ ಕೆಲಸ ಮರಳಿ ಸಿಕ್ಕಿತು, ಕೆ.ಆರ್. ಪೇಟೆಗೆ ಹಾಕಿದರು, ಅಲ್ಲೇ ಸುನಿತಾ ಓದಿದಳು. ಆಮೇಲೆ ಪಾಂಡವಪುರದಲ್ಲಿ ಮನೆಯಾಯಿತು, ಅಪ್ಪ ತೀರಿಕೊಂಡ. ಬಷೀರಮ್ಮನ ಹೆಸರು ಸುನಿತಾಳ ಕಿವಿಗೆ ಮತ್ತೆ ಬೀಳಲಿಲ್ಲ.

ಆ ದಿನ ಶಾಲೆಯಿಂದ ಬಂದಾಗ ದೊಡ್ಡತಾಯಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸುನಿತಾ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಎತ್ತಿಕೊಂಡಳು. ಹೇಳಬೇಕಾದ ಮಾತನ್ನು ಬಸ್‌ಸ್ಟಾಪಿನಿಂದ ಮನೆಯವರೆಗೆ ನಾಲ್ಕಾರು ರೀತಿಯಲ್ಲಿ ಜೋಡಿಸಿಕೊಂಡು ಬಂದಿದ್ದಳು. ಯಾವುದೂ ಬಾಯಿಗೆ ಬರಲಿಲ್ಲ.

"ಅವ್ವ, ಬಷೀರಮ್ಮ ಆವತ್ತು ಹೇಳಿದ್ದು ಸಸ್ಪೆಂಡ್ ಮಾತಲ್ಲ."

"ಯಾವತ್ತು?"

"ಯಾವತ್ತು ಅಂತ ನಿನಗೆ ಗೊತ್ತು."

ಮುದುಕಿ ಕಾಯಿ ಸುಲಿಯುತ್ತಲೇ ಇದ್ದಳು. ಸುನಿತಾ ಅಫ್ರೋಜ್ ಮೇಷ್ಟ್ರು ಹೇಳಿದ್ದನ್ನೆಲ್ಲ ಹೇಳಿದಳು. ಅವರ ಭಾಷೆಯಲ್ಲಿ ಆ ಪದಕ್ಕೆ ಬೇರೆಯೇ ಅರ್ಥ, ಅವಳು ಕೊಟ್ಟದ್ದು ಕೂಲಿಯಲ್ಲ, ನಂಬಿ ಇಟ್ಟದ್ದು.

"ಮುಡಿಪಿದ್ದಂಗಾ?"

"ಹೆಚ್ಚುಕಮ್ಮಿ ಹಾಗೇ."

"ಮುಡಿಪು ದೇವ್ರಿಗಲ್ವೇನೆ ಕಟ್ಟಾದು? ಅವ್ಳು ನನ್ ಕೈಗ್ಯಾಕೆ ಕೊಟ್ಳು?"

"ನಿನ್ನ ನಂಬಿದ್ದಳು ಅವ್ವ."

ಬುಟ್ಟಿಯೊಳಗೆ ಕಾಳು ಬೀಳುವ ಸದ್ದು ನಿಂತಿತು. ದೊಡ್ಡತಾಯಮ್ಮ ಮಡಿಲ ಸಿಪ್ಪೆಯನ್ನು ಕೊಡವಿದಳು. "ನಿಮ್ಮಪ್ಪ ಸಾಯಗಂಟ ಏಳ್ತಿದ್ರು," ಎಂದಳು ಕೊನೆಗೆ. "ಆ ಎಣ್ಮಗ್ಳು ಅಂತೋಳಲ್ಲ ಕಣೆ ಅಂತ. ನಾನೇ ಬಾಯ್ಮುಚ್ಚಿಸ್ಬುಡ್ತಿದ್ದೆ."

"ಗಂಟು ಇದೆಯಾ?"

"ಅದೆ."

"ಬಿಚ್ಚಿದ್ದೆಯಾ? ಅದನ್ನು ಬಿಚ್ಚಬಾರದಂತೆ. ಮುಟ್ಟಿದರೂ ನಂಬಿಕೆ ಮುರಿದ ಹಾಗಂತೆ."

"ಇಸ್ಸಿ," ಎಂದಳು ಅವ್ವ, ತಟ್ಟನೆ. "ಪರರ ಗಂಟು ನಾನ್ಯಾಕೆ ಬಿಚ್ಲಿ?"

ಸುನಿತಾ ಕೇಳಿಕೊಂಡ ಮೇಲೆ ಅಫ್ರೋಜ್ ಬಷೀರಮ್ಮನ ಮನೆ ವಿಚಾರಿಸಿಕೊಂಡು ಬಂದರು. ಪೀರ್ ಅಹಮದ್ ತೀರಿಕೊಂಡಿದ್ದಾರೆ. ಮಗ ಜಫರ್ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ತಾಯಿ ಅವನ ಜೊತೆ ಇದ್ದಾಳೆ, ಮಂಡಿನೋವು, ಹೊರಗೆ ಬರುವುದಿಲ್ಲ. ಭಾನುವಾರ ತಾಯಿ ಮಗಳು ಬಸ್ಸು ಹತ್ತಿದರು. ದೊಡ್ಡತಾಯಮ್ಮ ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದಳು. ಬಸ್ಸು ಕಬ್ಬಿನ ಗದ್ದೆಗಳ ನಡುವೆ ಓಡಿ ಕಿರಂಗೂರು ದಾಟುವಾಗ ಮಡಿಲಿನಿಂದ ಗಂಟು ತೆಗೆದು ಅಂಗೈಯಲ್ಲಿಟ್ಟುಕೊಂಡಳು.

ಹಸಿರು ಬಟ್ಟೆ ಬಿಳಿಚಿಕೊಂಡಿತ್ತು. ಸುನಿತಾ ಸುಮ್ಮನೆ ಅದನ್ನೇ ನೋಡುತ್ತಿದ್ದವಳು ಒಮ್ಮೆಗೇ ಬೆನ್ನು ನೆಟ್ಟಗೆ ಮಾಡಿದಳು.

ಗಂಟು ಬಲಕ್ಕೆ ತಿರುಗಿತ್ತು. ಎಲ್ಲರ ಗಂಟಿನ ಹಾಗೆ. ಅವ್ವ ಸೊಪ್ಪಿನ ಕಂತೆ ಕಟ್ಟುವ ಹಾಗೆ, ದೇವರ ಮುಡಿಪು ಕಟ್ಟುವ ಹಾಗೆ.

ಝಿಣ್ ಎಂದ ಸದ್ದು. ಬಚ್ಚಲಿನ ಹುಣಸೆನಾರು. ಮಸಿ ಹಿಡಿದೇ ಇದ್ದ ದೀಪ. ಎಲ್ಲವೂ ಒಂದರ ಹಿಂದೊಂದು ಬಂದು ಸಾಲಾಗಿ ನಿಂತವು. ಅವ್ವ ಬಿಚ್ಚಿದ್ದಾಳೆ. ಒಂದು ಸಲವಲ್ಲ, ಎಷ್ಟು ಸಲವೋ. ಅವಳೇ ಅಲ್ಲವೆ 'ಎಡಚಿ ಗಂಟು ಬಿಚ್ಚಕ್ಕೆ ಎಡಚೀನೇ ಬರ್ಬೇಕು' ಎನ್ನುತ್ತಿದ್ದವಳು? ಇನ್ನು ಸ್ವಲ್ಪ ಹೊತ್ತಿನಲ್ಲಿ ಈ ಗಂಟು ಆ ಎಡಗೈಗೇ ಹೋಗುತ್ತದೆ. ಕಣ್ಣು ಮಂಜಾಗಿದ್ದರೂ ಬೆರಳು ಮರೆಯುತ್ತದೆಯೆ? ಮೂವತ್ತು ವರ್ಷದ ಹಿಂದೆ ಒಂದು ತಪ್ಪು ಪದದಿಂದ ಮುರಿದದ್ದು ಇವತ್ತು ಕೂಡುವ ಬದಲು ಒಂದು ತಪ್ಪು ಗಂಟಿನಿಂದ ಪೂರ್ತಿ ಮುರಿದುಹೋದರೆ? ಈ ವಯಸ್ಸಿನಲ್ಲಿ ಅವ್ವ 'ನಂಬಿಕೆ ಮುರಿದವಳು' ಅನ್ನಿಸಿಕೊಂಡು ವಾಪಸು ಬರಬೇಕಾದರೆ? ಹೊಳೆಯ ಸೇತುವೆ ಬಂತು. ಸುನಿತಾ ಇಳಿದು ಹಿಂದಿರುಗೋಣವೆ ಎಂದುಕೊಂಡಳು. ಅವ್ವ ಕಿಟಕಿಯಾಚೆ ಕಾವೇರಿಗೆ ಒಂದು ಕೈ ಎತ್ತಿ ಮುಗಿದು, ಇನ್ನೊಂದರಲ್ಲಿ ಗಂಟನ್ನು ಬಿಗಿಯಾಗಿ ಹಿಡಿದುಕೊಂಡಳು.

ಗಂಜಾಮಿನ ಮನೆ ಚಿಕ್ಕದು, ಮುಂದೆ ಸೀಬೆಗಿಡ. ಜಫರ್ ಆಗಿನ ಹುಡುಗನ ಮುಖವನ್ನು ಗಡ್ಡದೊಳಗೆ ಇಟ್ಟುಕೊಂಡಿದ್ದ. ಅವನ ಮಗಳು, ಪಿಯುಸಿ ಓದುವ ಸುಮಯ್ಯ, ಕುರ್ಚಿ ಎಳೆದಳು. ಮಂಚದ ಮೇಲೆ ಕೂತಿದ್ದ ಬಷೀರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರು?"

"ಗೋಡೆ ಈಚೇವ್ಳು," ಎಂದಳು ದೊಡ್ಡತಾಯಮ್ಮ.

ಬಷೀರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ದಪ್ಪ ಆಗಿದೀರಿ ತಾಯಕ್ಕಾ," ಎಂದಳು ಬಷೀರಮ್ಮ.

"ನೀನೇನ್ ಕಡ್ಡಿ ಅಂಗಿದೀಯಾ? ಮಂಚ ಕಿರ್ರೋ ಅಂತದೆ."

ಇಬ್ಬರೂ ನಗಲಿಲ್ಲ, ಆದರೆ ಮನೆಯೊಳಗಿನ ಗಾಳಿ ಸಡಿಲವಾಯಿತು. ಅವ್ವ ಹತ್ತಿರ ಹೋಗಿ ಮಂಚದ ಅಂಚಿಗೆ ಕೂತಳು. ಗಂಟನ್ನು ಅವಳ ಅಂಗೈಯಲ್ಲಿಟ್ಟು, ಆವತ್ತು ಅವಳು ಮಾಡಿದ ಹಾಗೇ, ಬೆರಳು ಮಡಿಸಿದಳು. "ನಿಂದು. ತಕೊ."

ಬಷೀರಮ್ಮನ ಕಣ್ಣು ತುಂಬಿತು. ಮಗನ ಕಡೆಗೂ ಮೊಮ್ಮಗಳ ಕಡೆಗೂ ತಿರುಗಿದಳು. "ನೋಡ್ರೋ. ಮುಬೀನಾ ಹೋದ್ಮೇಲೆ ನಮ್ಮತ್ತೆ ಎಲ್ಲಾ ಖೈರಾತ್ ಕೊಟ್ಬುಡು ಅಂದ್ರು. ಬಟ್ಟೆ, ತೊಟ್ಟಿಲು, ಎಲ್ಲಾ ದಾನ. ಮೂರ್ ದಿನ ಅಳು, ಆಮೇಲೆ ಸಬರ್ ಅಂದ್ರು. ಸರೀನೇ ಅವ್ರು ಹೇಳಿದ್ದು. ಎಲ್ಲಾ ಕೊಟ್ಟೆ. ಇದೊಂದು ಕೊಡಕ್ಕೆ ಕೈ ಬರ್ನಿಲ್ಲ. ಮನೇಲಿ ಇಡಂಗಿಲ್ಲ. ಇಡೀ ದುನಿಯಾದಲ್ಲಿ ಇನ್ಯಾರ ಕೈಗಿಡ್ಲಿ? ಮೂವತ್ತ್ ವರ್ಷ ಆಯ್ತು, ಒಂದಿನ ಹೋಗಿ ಕೇಳ್ನಿಲ್ಲ ನಾನು. ಕೇಳಿದ್ರೆ ಅನುಮಾನ ಪಟ್ಟಂಗೆ. ಅದೂ ಅಲ್ದೆ, ಅಣ್ಣಾರ ಕೆಲ್ಸ ನನ್ ಮಗೀಗೋಸ್ಕರ ಹೋಯ್ತು, ಯಾವ್ ಮುಖ ಇಟ್ಕೊಂಡು ಹೋಗ್ಲಿ."

"ಬಿಚ್ಚೇ ಇಲ್ವಾ ದಾದಿ?" ಎಂದು ಸುಮಯ್ಯ ಅಜ್ಜಿಯನ್ನು ಬೆರಗಿನಿಂದ ಕೇಳಿದಳು.

ಬಷೀರಮ್ಮನ ಎಡಗೈ ಹೆಬ್ಬೆರಳು ಗಂಟಿನ ಮೇಲೆ ಓಡಿತು. ಓಡಿ, ನಿಂತಿತು.

ಆ ಹೆಬ್ಬೆರಳು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬಂತು. ತನ್ನದಲ್ಲದ ಬಾಗಿಲು ತಟ್ಟಿದವರು ಹೊಸ್ತಿಲನ್ನು ತಡವಿ ನೋಡುವ ಹಾಗೆ. ಅವ್ವ ತಲೆ ತಗ್ಗಿಸಿ ಸೀರೆಯ ಅಂಚನ್ನು ಮಡಿಸುತ್ತಿದ್ದಳು, ಬಿಡಿಸುತ್ತಿದ್ದಳು.

"ನಾನ್ ಕಟ್ಟಿದ್ ಗಂಟೇ," ಎಂದಳು ಬಷೀರಮ್ಮ. "ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಅಮಾನತ್ ಅಂದ್ರೆ ಇದು ಕಣೆ ಸುಮಯ್ಯ, ನಿಮ್ ಪುಸ್ತಕದಲ್ಲಿ ಬರೀತಾರಲ್ಲ ಅದಲ್ಲ. ಹೋಗು, ಚಹಾ ಇಡು. ಜಫರ್, ಹೋಗಿ ಬಿಸ್ಕತ್ ತಾ, ಆ ಉಪ್ಪಿಂದು ತಾ, ತಾಯಕ್ಕಂಗೆ ಸಿಹಿ ಆಗಲ್ಲ. ಆಗಾನೂ ಆಗ್ತಿರ್ನಿಲ್ಲ."

ಅವರು ಹೋದರು. ಸುನಿತಾ ಏಳಲೋ ಬೇಡವೋ ಎಂದು ಅರ್ಧ ಎದ್ದು ಕಿಟಕಿಯ ಹತ್ತಿರ ಸರಿದು ಸೀಬೆಗಿಡವನ್ನು ನೋಡುತ್ತ ನಿಂತಳು. ನೋಡುತ್ತಿದ್ದದ್ದು ಗಿಡವನ್ನಲ್ಲ.

ಬಷೀರಮ್ಮ ಗಂಟು ಬಿಚ್ಚಿದಳು. ಸುಲಭವಾಗಿ ಬಿಚ್ಚಿಕೊಂಡಿತು. ಒಳಗೆ ಎರಡು ಪುಟ್ಟ ಗೆಜ್ಜೆಗಳು, ಅಂಗಡಿಯಿಂದ ಈಗ ತಂದವುಗಳಂತೆ ಬೆಳ್ಳಗೆ ಮಿನುಗಿದವು. ಮೂವತ್ತು ವರ್ಷ ಮುಚ್ಚಿಟ್ಟ ಬೆಳ್ಳಿ ಹಂಚಿನಂತೆ ಕಪ್ಪಾಗಿರಬೇಕಿತ್ತು.

"ಕಪ್ಪಾಗಿಲ್ಲ ತಾಯಕ್ಕಾ," ಎಂದಳು ಮೆಲ್ಲಗೆ.

"ನಿನ್ ಮ್ಯಾಲೆ ಕ್ವಾಪ ಇತ್ತು ಕಣಮ್ಮಿ." ಅವ್ವ ಸೀರೆಯ ಅಂಚು ಬಿಟ್ಟಳು. "ಬಿಸಾಕ್ಬುಡನ ಅಂತ್ಲೇ ಮದ್ಲು ಬಿಚ್ಚಿದ್ದು. ಎಡಚಿ ಗಂಟು, ಹಲ್ಲಲ್ ಕಚ್ಚಿ ಬಿಚ್ದೆ. ನೋಡಿದ್ರೆ ಕೂಸಿನ್ ಗೆಜ್ಜೆ. ನಿಂಗೂ ನಂಗೂ ಏನಾರ ಇರ್ಲಿ, ಕೂಸಿಂದು ಯಾಕೆ ಕಪ್ಪಾಗ್ಬೇಕು? ಆವಾಗಾವಾಗ ಉಜ್ಜಿ ಮಡಗ್ತಿದ್ದೆ. ಮನೇವ್ರೆಲ್ಲಾ ಮನಗಿದ್ ಮ್ಯಾಲೆ." ಸ್ವಲ್ಪ ತಡೆದು, "ಮುಟ್ಟಬಾರ್ದಂತೆ. ನಂಗ್ ಗೊತ್ತಿರ್ನಿಲ್ಲ," ಎಂದಳು.

ಬಷೀರಮ್ಮ ಗೆಜ್ಜೆಯನ್ನು ಕೆನ್ನೆಗೆ ಒತ್ತಿಕೊಂಡಳು. ಝಿಣ್ ಎಂದಿತು.

"ಹುಣಸೆಹಣ್ಣು ವಾಸನೆ," ಎಂದಳು.

"ಮೊನ್ನೆ ರಾತ್ರಿ ಉಜ್ಜಿದ್ದು."

"ಕೋಪ ಯಾತಕ್ಕೆ ಇತ್ತು ತಾಯಕ್ಕಾ?"

ಅವ್ವ ಮಗಳ ಕಡೆ ನೋಡಿದಳು. ಸುನಿತಾ ಕಿಟಕಿಯ ಸರಳನ್ನು ಹಿಡಿದುಕೊಂಡಿದ್ದಳು. "ಏನಿಲ್ಲ ಬುಡು," ಎಂದಳು ಅವ್ವ. "ಒಂದ್ ಮಾತು ಸರ್ಯಾಗ್ ಕೇಳಿಸ್ಲಿಲ್ಲ. ಬಸ್ಸಿನ್ ಸದ್ದು."

ಒಳಗೆ ಲೋಟಗಳ ಸದ್ದಾಯಿತು, ಸುಮಯ್ಯ ಬರುತ್ತಿದ್ದಳು. ಬಷೀರಮ್ಮ ಗೆಜ್ಜೆಗಳನ್ನು ಅವಸರದಿಂದ ಬಟ್ಟೆಯೊಳಗಿಟ್ಟು ಮಡಿಸಿದಳು. ಎಡಗೈಯಲ್ಲಿ ಸುತ್ತಿ, ಎಡಗೈಯಲ್ಲೇ ಎಳೆದು, ಬಿಗಿಯಾಗಿ ಗಂಟು ಹಾಕಿದಳು. ಎಡಕ್ಕೆ ತಿರುಗಿದ ಗಂಟು. ಸುಮಯ್ಯ ಚಹಾ ಇಟ್ಟು, "ನಾನೂ ನೋಡ್ಲಾ ದಾದಿ?" ಎಂದು ಕೇಳಿದಾಗ ಅದನ್ನು ಅವಳ ಕೈಗೆ ಕೊಟ್ಟಳು.

"ಅಬ್ಬಾ, ಎಷ್ಟು ಗಟ್ಟಿ. ಇದನ್ನ ಯಾರೂ ಬಿಚ್ಚಕ್ಕೇ ಆಗಲ್ಲ," ಎಂದಳು ಹುಡುಗಿ.

"ಎಡಚೀನೇ ಬರ್ಬೇಕು," ಎಂದಳು ದೊಡ್ಡತಾಯಮ್ಮ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ. ಈ ಸಲ ಇಬ್ಬರೂ ಮುದುಕಿಯರು ನಕ್ಕರು.

ಸೋಮವಾರ ಬಿಡುವಿನಲ್ಲಿ ಅಫ್ರೋಜ್ ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆಳೆದರು. "ಏನ್ ಮೇಡಂ, ಗಂಟು ಅಲ್ಲಾಡೇ ಇರ್ಲಿಲ್ವಂತೆ? ಗಂಜಾಮಲ್ಲೆಲ್ಲಾ ಅದೇ ಮಾತು. ಜಫರ್ ಸಿಕ್ಕಿದೋರ್ಗೆಲ್ಲಾ ಏಳ್ತಾವ್ನೆ. ಫಲಕಕ್ಕೆ ಉದಾಹರಣೆ ಸಿಕ್ತು, ಬರೀರಿ."

ಸುನಿತಾ ಹಾಳೆಯನ್ನು ಮುಂದಕ್ಕೆ ಸರಿಸಿದಳು. ಹೋದ ವಾರ ಪೆನ್ಸಿಲಿನಲ್ಲಿ ಬರೆದದ್ದು ಅಲ್ಲೇ ಇತ್ತು: 'ಅಮಾನತ್: ಒಬ್ಬರು ನಂಬಿ ಕೊಟ್ಟದ್ದನ್ನು ಬಿಚ್ಚದೆ ಕಾಯುವುದು.' ಒಂದು ಪದವನ್ನು ರಬ್ಬರಿನಿಂದ ನಿಧಾನವಾಗಿ ಅಳಿಸಿದಳು. ಪುಡಿಯನ್ನು ಅಂಗೈಯಿಂದ ಒರೆಸಿ, ಮಿಕ್ಕದ್ದರ ಮೇಲೆ ಶಾಯಿ ತಿದ್ದಿದಳು.

"ಬಿಚ್ಚದೆ ಅನ್ನೋದು ಬುಟ್ಟೋಯ್ತಲ್ಲ ಮೇಡಂ," ಎಂದರು ಅಫ್ರೋಜ್. "ಅದೇ ಮುಖ್ಯ."

"ಜಾಗ ಸಾಲದು ಮೇಷ್ಟ್ರೆ."

ಜಾಗ ಬೇಕಾದಷ್ಟಿತ್ತು. ಅವರು ಅದನ್ನು ನೋಡಿದರು, ಅವಳ ಮುಖವನ್ನೂ ನೋಡಿದರು, ಲೋಟ ಎತ್ತಿಕೊಂಡು ತರಗತಿಗೆ ಹೋದರು. ಸುನಿತಾ ಪೆನ್ನಿನ ಮುಚ್ಚಳ ಹಾಕಿದಳು. ಆ ಗಂಟು ಎಷ್ಟು ಸಲ ಬಿಚ್ಚಿತ್ತು, ಯಾರು ಮತ್ತೆ ಕಟ್ಟಿದರು ಎಂಬುದನ್ನು ಅಫ್ರೋಜ್ ಮೇಷ್ಟ್ರಿಗಾಗಲಿ, ತಿಮ್ಮರಾಜುವಿಗಾಗಲಿ, ಮೈಸೂರಿನಿಂದ ಫೋನು ಮಾಡಿ ಅಜ್ಜಿಯ ಕಥೆ ಕೇಳುವ ರಮ್ಯಳಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದು ಅವಳು ಅಲ್ಲೇ ತೀರ್ಮಾನಿಸಿದಳು.